ಒಣಗದ ಜಾಗದ ಗಾಯ: ಬಾಯಿ, ಗಂಟಲಿನ ಕ್ಯಾನ್ಸರ್ ಆಪರೇಷನ್ ಆದವರ ಮನೆಯವರಿಗೆ

ಕಾಲಿನ ಗಾಯವನ್ನು ಒಣಗಿಸಬಹುದು. ಬಾಯಿಯ ಗಾಯವನ್ನು ಒಣಗಿಸಲು ಯಾರಿಂದಲೂ ಆಗದು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಎಂಜಲು ಸುರಿಯುವ ಜಾಗ ಅದು. ಆ ಎಂಜಲಿನ ತುಂಬ ಬ್ಯಾಕ್ಟೀರಿಯಾ. ಕೆನ್ನೆ, ನಾಲಗೆ, ದವಡೆ ಅಥವಾ ಧ್ವನಿಪೆಟ್ಟಿಗೆಯ ಗಡ್ಡೆಯನ್ನು ತೆಗೆದ ಮೇಲೆ ಡಾಕ್ಟರು ಒಳಗಿನ ಹೊಲಿಗೆಯನ್ನು ನೀರು ಸೋರದಷ್ಟು ಬಿಗಿಯಾಗಿ ಹಾಕಿರುತ್ತಾರೆ. ಆದರೂ ಭದ್ರಾ ನಾಲೆಯ ಏರಿಯಲ್ಲಿ ಏಡಿ ಕೊರೆದ ತೂತನ್ನು ನೀರು ಹುಡುಕಿಕೊಂಡು ಹೋಗುವ ಹಾಗೆ ಎಂಜಲು ದುರ್ಬಲವಾದ ಒಂದು ಹೊಲಿಗೆಯನ್ನು ಹುಡುಕುತ್ತಲೇ ಇರುತ್ತದೆ. ಸಿಕ್ಕಿತೆಂದರೆ ಕತ್ತಿನೊಳಗೆ ಇಳಿಯುತ್ತದೆ, ಕೀವಾಗುತ್ತದೆ, ಕೊನೆಗೆ ಕತ್ತಿನ ಚರ್ಮವನ್ನೇ ಒಡೆದುಕೊಂಡು ಹೊರಗೆ ಬರುತ್ತದೆ. ವೈದ್ಯರು ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಕುಡಿದ ನೀರು ಕತ್ತಿನಿಂದ ತೊಟ್ಟಿಕ್ಕುವುದನ್ನು ಕಂಡ ಮನೆಯವರಿಗೆ ಅದರ ಹೆಸರು ಬೇಕಿಲ್ಲ.

ನಾನು ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸೆಯ ವಾರ್ಡಿಗೆ ಸ್ಟಾಫ್ ನರ್ಸ್ ಆಗಿ ಸೇರಿ, ತಲೆ ನರೆಯುವವರೆಗೆ ಅಲ್ಲಿಯೇ ದುಡಿದು ನಿವೃತ್ತಳಾದವಳು. ನಿಟುವಳ್ಳಿಯಲ್ಲಿ ಮನೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯವರು ಈಗಲೂ ಡಿಸ್ಚಾರ್ಜ್ ಚೀಟಿ ಹಿಡಿದುಕೊಂಡು ಬಂದು, “ಸಿಸ್ಟರ್, ಒಂದು ಸಲ ಗಾಯ ನೋಡಿ” ಎನ್ನುತ್ತಾರೆ. ಅವರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಸರ್ಜನ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ. ಒಳಗೆ ಏನನ್ನು ಕತ್ತರಿಸಿದ್ದಾರೆ, ಎಲ್ಲಿ ಹೊಲಿದಿದ್ದಾರೆ ಎಂಬುದು ಅವರಿಗೆ ಗೊತ್ತು, ನನಗಲ್ಲ.

ಗಾಯ ಬೇಗ ಮಾಯಬೇಕು ಎನ್ನುವುದಕ್ಕೆ ನೋವು, ಖರ್ಚು ಮಾತ್ರ ಕಾರಣವಲ್ಲ. ಬಹಳ ಜನರಿಗೆ ಆಪರೇಷನ್ನಿನ ಬಳಿಕ ವಿಕಿರಣ ಚಿಕಿತ್ಸೆ ಇರುತ್ತದೆ, ನಮ್ಮ ಕಡೆ ಜನ ‘ಕರೆಂಟ್ ಕೊಡುವುದು’ ಎನ್ನುವುದು ಅದನ್ನೇ. ಅದು ಆಪರೇಷನ್ ಆದ 6 ವಾರದೊಳಗೆ ಶುರುವಾಗಬೇಕು. ಕತ್ತಿನಲ್ಲಿ ಸೋರುವ ಗಾಯ ಇಟ್ಟುಕೊಂಡು ಶುರು ಮಾಡಲು ಬರುವುದಿಲ್ಲ. ತಡವಾದಷ್ಟೂ ರೋಗ ಮರುಕಳಿಸುವ ಭಯ ಹೆಚ್ಚು.

ಆಪರೇಷನ್ನಿಗೆ ಮೊದಲೇ ಶುರುವಾಗುವ ಕೆಲಸ

ಗಾಯ ಮಾಯುವುದೋ ಬಿಡುವುದೋ ಎಂಬುದು ಅರ್ಧ ಮಟ್ಟಿಗೆ ಥಿಯೇಟರಿಗೆ ಹೋಗುವ ಮೊದಲೇ ತೀರ್ಮಾನವಾಗಿರುತ್ತದೆ ಎಂದು ನನ್ನ ನಂಬಿಕೆ. ಬಯಾಪ್ಸಿ ವರದಿ ಬಂದು ಆಪರೇಷನ್ನಿನ ತಾರೀಖು ಸಿಗುವವರೆಗಿನ ದಿನಗಳನ್ನು ಜನ ಅಳುವುದರಲ್ಲಿ, ದೇವಸ್ಥಾನ ಸುತ್ತುವುದರಲ್ಲಿ, ಹಣ ಹೊಂದಿಸುವುದರಲ್ಲಿ ಕಳೆಯುತ್ತಾರೆ. ತಪ್ಪೆನ್ನುವುದಿಲ್ಲ. ಜೊತೆಗೆ ಈ ಕೆಲಸಗಳೂ ಆಗಲಿ.

ತಂಬಾಕು ಆ ದಿನವೇ ನಿಲ್ಲಬೇಕು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಅಂಗಡಿಯವರು ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಕೊಟ್ಟರೆ ಗಿರಾಕಿ ಅಂಗೈಯಲ್ಲೇ ಎರಡನ್ನೂ ಬೆರೆಸಿಕೊಳ್ಳುತ್ತಾನೆ. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಕುಳಿತು ಹೇಳುವುದು ಕಷ್ಟವಾದರೂ ಹೇಳುತ್ತೇನೆ: ತಂಬಾಕಿಲ್ಲದ ಬರೀ ಎಲೆ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸಾರಿದೆ. ಆದರೆ ಇಲ್ಲಿ ನನ್ನ ಚಿಂತೆ ಗಾಯದ್ದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬೀಡಿ, ಸಿಗರೇಟಿನ ಹೊಗೆ ರಕ್ತದ ಆಮ್ಲಜನಕವನ್ನು ಕಸಿಯುತ್ತದೆ. ಹೊಲಿದ ಅಂಚುಗಳು ಕೂಡಿಕೊಳ್ಳಲು ಬೇಕಾದದ್ದೇ ರಕ್ತ, ಆಮ್ಲಜನಕ ಎರಡೂ. 4 ವಾರ ಮೊದಲೇ ಬಿಟ್ಟರೆ ಗಾಯದ ತೊಂದರೆ ಕಡಿಮೆಯಾಗುತ್ತದೆ. ಅಷ್ಟು ಸಮಯ ಇಲ್ಲದಿದ್ದರೆ, ‘ಇನ್ನೇನು ಬಿಟ್ಟು ಉಪಯೋಗ’ ಎನ್ನಬೇಡಿ, ಇದ್ದಷ್ಟು ದಿನ ಬಿಡಿ. ಕುಡಿತದ ವಿಚಾರ ಬೇರೆ: ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಭ್ರಮೆ, ಫಿಟ್ಸ್ ಬರಬಹುದು. ನಾಚಿಕೆ ಬಿಟ್ಟು ಡಾಕ್ಟರಿಗೆ ನಿಜವಾದ ಲೆಕ್ಕ ಹೇಳಿ, ಅವರು ಔಷಧಿ ಕೊಟ್ಟು ಬಿಡಿಸುತ್ತಾರೆ. ಆಪರೇಷನ್ ಆದ ರಾತ್ರಿ ಭ್ರಮೆಯಲ್ಲಿ ಆಹಾರ ಕೊಡುವ ಮೂಗಿನ ಪೈಪನ್ನೂ, ಗಾಯದ ರಕ್ತ, ನೀರು ಹೊರತೆಗೆಯುವ ಡ್ರೈನ್ ಪೈಪನ್ನೂ ಕಿತ್ತುಹಾಕಿದವರು ಹೆಚ್ಚಾಗಿ ಈ ಲೆಕ್ಕವನ್ನು ಮುಚ್ಚಿಟ್ಟವರೇ.

ಹಲ್ಲಿನ ಡಾಕ್ಟರನ್ನು ಕಾಣಿ. ಅಲ್ಲಾಡುವ, ಕೊಳೆತ ಹಲ್ಲು ಇದ್ದರೆ ಆಪರೇಷನ್ನಿನ ಹೊತ್ತಿಗೆ ಅಥವಾ ಅದಕ್ಕೂ ಮೊದಲು ತೆಗೆಯುವುದೇ ಲೇಸು. ವಿಕಿರಣ ಆದ ಮೇಲೆ ದವಡೆಯ ಮೂಳೆಯ ರಕ್ತಸಂಚಾರ ಕುಗ್ಗುತ್ತದೆ. ಆಗ ಹಲ್ಲು ಕಿತ್ತರೆ ಆ ಕುಳಿ ಮಾಯದೆ ಮೂಳೆಯೇ ಸಾಯಬಹುದು.

ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಆಪರೇಷನ್ನಿನ ಆಸುಪಾಸಿನಲ್ಲಿ ಸಾಮಾನ್ಯವಾಗಿ 180ರ ಒಳಗೆ ಇಡಲು ನೋಡುತ್ತಾರೆ. ಹಿಂದೆ ಕತ್ತಿಗೆ ವಿಕಿರಣ ತೆಗೆದುಕೊಂಡವರಾದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿ. ಥೈರಾಯ್ಡ್ ಕುಗ್ಗಿದ್ದರೂ ಗಾಯ ಮಾಯುವುದು ನಿಧಾನ.

ಇನ್ನು ತೂಕ. ಬಾಯಿಹುಣ್ಣಿನಿಂದ ತಿಂಗಳುಗಟ್ಟಲೆ ಅನ್ನ ಬಿಟ್ಟು, ಬರೀ ಗಂಜಿ ನೀರಿನಲ್ಲಿ ದಿನ ತಳ್ಳಿದವರು ಮೈಯಲ್ಲಿ ಮೂಳೆ ಚರ್ಮ ಮಾತ್ರ ಉಳಿಸಿಕೊಂಡು ಬರುತ್ತಾರೆ. ಅಂಥವರಿಗೆ ಆಪರೇಷನ್ನನ್ನು 7ರಿಂದ 14 ದಿನ ಮುಂದೂಡಿಯಾದರೂ ಮೊದಲು ಆಹಾರ ಕೊಟ್ಟು ಮೈ ಹಿಡಿಸುವುದು ಒಪ್ಪಿತ ಪದ್ಧತಿ. ಡಾಕ್ಟರು ಆಪರೇಷನ್ನಿಗೆ ಮೊದಲೇ ಮೂಗಿಗೆ ಪೈಪ್ ಹಾಕೋಣ ಎಂದರೆ ಹೆದರಬೇಡಿ. ಮನೆಯವರು ಅದನ್ನು ಕೊನೆಗಾಲದ ಗುರುತು ಎಂದುಕೊಂಡು ಬೇಡವೆನ್ನುತ್ತಾರೆ. ನಿಜಕ್ಕೂ ಅದು ಗಾಯ ಮಾಯಿಸುವ ಮೊದಲ ಔಷಧಿ.

ಆಸ್ಪತ್ರೆಯಲ್ಲಿರುವಾಗ ಹಾಸಿಗೆ ಪಕ್ಕದವರು ನೋಡಬೇಕಾದದ್ದು

ಕತ್ತಿನಿಂದ ಒಂದು ಅಥವಾ ಎರಡು ಡ್ರೈನ್ ಪೈಪ್ ಬಂದಿರುತ್ತವೆ. ತುದಿಯಲ್ಲಿ ಒತ್ತಿಟ್ಟ ಡಬ್ಬಿ. ಅದು ಒತ್ತಿಕೊಂಡೇ ಇರಬೇಕು. ಉಬ್ಬಿಕೊಂಡರೆ ಎಳೆಯುವ ಶಕ್ತಿ ಹೋಯಿತು ಎಂದರ್ಥ, ಸಿಸ್ಟರನ್ನು ಕರೆಯಿರಿ. ಕತ್ತಿನ ಚರ್ಮದ ಕೆಳಗೆ ರಕ್ತವೋ ನೀರೋ ನಿಂತರೆ ಚರ್ಮ ಒಳಗಿನ ಮಾಂಸಕ್ಕೆ ಅಂಟುವುದಿಲ್ಲ, ನಿಂತದ್ದರಲ್ಲಿ ಸೋಂಕು ಬೆಳೆಯುತ್ತದೆ. ದಿನಕ್ಕೆ ಸುಮಾರು 25ರಿಂದ 30 ಎಂಎಲ್‌ಗಿಂತ ಕಡಿಮೆಯಾದಾಗ ತೆಗೆಯುತ್ತಾರೆ. ಪೈಪಿನಲ್ಲಿ ಬರುವುದರ ಬಣ್ಣ ನೋಡುವ ಅಭ್ಯಾಸ ಮಾಡಿಕೊಳ್ಳಿ: ಮೊದಲು ಕೆಂಪು, ಆಮೇಲೆ ತಿಳಿಗೆಂಪು, ಆಮೇಲೆ ಹಳದಿ ನೀರು. ಮೂಗಿನ ಪೈಪಿನಲ್ಲಿ ಹಾಲು, ಆಹಾರ ಶುರುವಾದ ಮೇಲೆ ಡ್ರೈನಿನಲ್ಲಿ ಹಾಲಿನಂತೆ ಬೆಳ್ಳಗೆ ಬಂದರೆ ತಕ್ಷಣ ತಿಳಿಸಿ. ಅದು ಕೀವಲ್ಲ. ಕತ್ತಿನ ಬುಡದಲ್ಲಿ, ಹೆಚ್ಚಾಗಿ ಎಡಗಡೆ, ಕೊಬ್ಬು ಸಾಗಿಸುವ ಒಂದು ನಾಳವಿದೆ. ಅದಕ್ಕೆ ಪೆಟ್ಟಾಗಿದ್ದರೆ ಹೀಗೆ ಸೋರುತ್ತದೆ. ಬಹಳ ಸಲ ಕೊಬ್ಬಿಲ್ಲದ ಆಹಾರ ಕೊಟ್ಟೇ ಸರಿಪಡಿಸುತ್ತಾರೆ.

ಕತ್ತರಿಸಿದ ಜಾಗ ದೊಡ್ಡದಾದರೆ ಎದೆಯ ಮಾಂಸ, ಮುಂಗೈಯ ಚರ್ಮ ಅಥವಾ ಕಾಲಿನ ಸಣ್ಣ ಮೂಳೆ ತೆಗೆದು ತುಂಬುತ್ತಾರೆ. ಇದು ಫ್ಲ್ಯಾಪ್. ಎದೆಯ ಫ್ಲ್ಯಾಪ್ ಹಾಕಿದವರಿಗೆ ಕುತ್ತಿಗೆಯ ಪಕ್ಕದ ಮೂಳೆಯ ಮೇಲೆ ದಪ್ಪಗೆ ಉಬ್ಬು ಕಾಣುತ್ತದೆ. ಅದು ಬಾವಲ್ಲ, ಫ್ಲ್ಯಾಪಿಗೆ ರಕ್ತ ತರುವ ನಾಳ ಅದರೊಳಗೇ ಇದೆ. ಊತ ಇಳಿಯಲಿ ಎಂದು ಅದಕ್ಕೆ ಎಣ್ಣೆ ಹಚ್ಚಿ ತಿಕ್ಕಿದ ಅತ್ತೆಯರನ್ನು ನೋಡಿದ್ದೇನೆ, ಒತ್ತಿ ಕಾವು ಕೊಟ್ಟವರನ್ನೂ ನೋಡಿದ್ದೇನೆ. ಮುಟ್ಟಬೇಡಿ. ಆ ಪಕ್ಕಕ್ಕೆ ಮಲಗಿಸಬೇಡಿ. ಉಸಿರಾಟಕ್ಕೆ ಹಾಕಿದ ಗಂಟಲಿನ ಪೈಪ್ ಕಟ್ಟುವ ದಾರ, ಆಕ್ಸಿಜನ್ ಮಾಸ್ಕಿನ ಎಲಾಸ್ಟಿಕ್, ಕೊರಳಿನ ತಾಯಿತ, ಶಿವದಾರ ಯಾವುದೂ ಅದರ ಮೇಲೆ ಬಿಗಿಯಬಾರದು. ಲಿಂಗವನ್ನು ಕೈಗೆ ಕಟ್ಟಿಕೊಳ್ಳಿ ಅಥವಾ ದಿಂಬಿನ ಪಕ್ಕ ಇಡಿ. ಗಾಯ ಮಾಯುವವರೆಗೆ ಶಿವ ಬೇಸರ ಮಾಡಿಕೊಳ್ಳುವುದಿಲ್ಲ. ಫ್ಲ್ಯಾಪಿನ ಬಣ್ಣವನ್ನು ನರ್ಸ್ ಮತ್ತೆ ಮತ್ತೆ ಟಾರ್ಚ್ ಹಾಕಿ ನೋಡುವುದು ಸುಮ್ಮನೆ ಅಲ್ಲ. ತೀರಾ ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ, ನೀಲಿಗಟ್ಟಿ ಉಬ್ಬಿದರೆ ಬಂದ ರಕ್ತ ವಾಪಸು ಹೋಗುತ್ತಿಲ್ಲ. ನಿಮ್ಮ ಕಣ್ಣಿಗೆ ಮೊದಲು ಬಿದ್ದರೆ ನಡುರಾತ್ರಿಯಾದರೂ ಹೇಳಿ. ಬೇಗ ಕಂಡರೆ ಉಳಿಸಿಕೊಳ್ಳುವ ದಾರಿ ಇರುತ್ತದೆ.

ಆಂಟಿಬಯಾಟಿಕ್ ಇಂಜೆಕ್ಷನ್ ಒಂದೇ ದಿನಕ್ಕೆ ನಿಲ್ಲಿಸಿದರು ಎಂದು ಜಗಳಕ್ಕೆ ಬರುವವರಿದ್ದಾರೆ. ಇಂಥ ಆಪರೇಷನ್ನಿಗೆ ಮುಖ್ಯವಾದದ್ದು ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಕೊಡುವ ಡೋಸ್. ಸೋಂಕು ಕಾಣದಿದ್ದರೆ 24 ಗಂಟೆಯ ಆಚೆ ಮುಂದುವರಿಸಿದ ಮಾತ್ರಕ್ಕೆ ಹೆಚ್ಚಿನ ರಕ್ಷಣೆ ಸಿಗುವುದಿಲ್ಲ. ಮೆಡಿಕಲ್ ಅಂಗಡಿಯಿಂದ ನೀವೇ ತಂದು ಕೊಡುವುದಂತೂ ಬೇಡ.

ಎದ್ದು ಕೂರಿಸಿ. ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿದ್ದರೆ ಮುಖದ ಊತ ಇಳಿಯುತ್ತದೆ, ಎಂಜಲು ಶ್ವಾಸಕ್ಕೆ ಹೋಗುವುದೂ ಕಡಿಮೆ. ಡಾಕ್ಟರು ಒಪ್ಪಿದ ದಿನದಿಂದಲೇ ನಡೆಸಿ. ಬಿಡದ ಕೆಮ್ಮು ಹೊಲಿಗೆಯನ್ನು ಜಗ್ಗುತ್ತದೆ, ಆದ್ದರಿಂದ ಎದೆಯಲ್ಲಿ ಕಫ ಕಟ್ಟದಂತೆ ನೋಡಿಕೊಳ್ಳುವುದೂ ಗಾಯದ ಆರೈಕೆಯೇ. ಮಾತಾಡಲಾಗದವರ ಕೈಗೆ ಒಂದು ನೋಟ್‌ಬುಕ್ಕು, ಬರೆಯಲು ಬಾರದವರಿಗೆ ಬಾರಿಸಲು ಒಂದು ಸಣ್ಣ ಗಂಟೆ ಕೊಡಿ. ನೋವು ಹೇಳಿಕೊಳ್ಳಲಾಗದವರು ಪೈಪ್ ಎಳೆಯುತ್ತಾರೆ.

ಬಾಯಿ ತೊಳೆಯುವುದು

ಹೊಲಿಗೆ ಬಿಚ್ಚೀತು ಎಂಬ ಹೆದರಿಕೆಯಿಂದ ಬಾಯಿಯನ್ನು ಹಾಗೆಯೇ ಬಿಡುವುದೇ ಬಹುತೇಕ ಎಲ್ಲ ಮನೆಗಳಲ್ಲೂ ನಡೆಯುವುದು. ಹೊಲಿಗೆಯ ಮೇಲೆ ಬಿಳಿ ಪದರ ಕಟ್ಟುತ್ತದೆ, ನಾಲ್ಕನೇ ದಿನಕ್ಕೆ ಕೋಣೆಯೊಳಗೆ ಕಾಲಿಡಲಾಗದ ವಾಸನೆ. ಡಾಕ್ಟರು ಅನುಮತಿ ಕೊಟ್ಟ ದಿನದಿಂದ ಎಚ್ಚರವಿರುವಷ್ಟು ಹೊತ್ತು ಎರಡು ಮೂರು ಗಂಟೆಗೊಮ್ಮೆ ತೊಳೆಯಬೇಕು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಅಷ್ಟೇ. ದಿನವೂ ಹೊಸದಾಗಿ ಮಾಡಿ.

ಮೊದಲ ದಿನಗಳಲ್ಲಿ ಮುಕ್ಕಳಿಸುವುದು, ರಭಸದಿಂದ ಉಗಿಯುವುದು, ಸ್ಟ್ರಾದಲ್ಲಿ ಹೀರುವುದು ಮೂರೂ ಬೇಡ. ಮೂರರಿಂದಲೂ ಹೊಲಿಗೆಗೆ ಎಳೆತ. ಸೂಜಿಯಿಲ್ಲದ ಸಿರಿಂಜಿನಲ್ಲಿ ಸ್ವಲ್ಪ ನೀರು ತೆಗೆದುಕೊಂಡು, ತಲೆಯನ್ನು ಮುಂದಕ್ಕೆ ಬಾಗಿಸಿ, ಕೆನ್ನೆಯ ಮೂಲೆಗೆ ನಿಧಾನವಾಗಿ ಬಿಡಿ. ತಾನಾಗಿ ಬೇಸಿನ್ನಿಗೆ ಹರಿಯಲಿ. ನುಂಗಲು ತೊಂದರೆ ಇರುವವರಿಗೆ ಇದನ್ನು ಆಸ್ಪತ್ರೆಯಲ್ಲಿ ನರ್ಸ್ ಮುಂದೆ ಕಲಿತುಕೊಂಡೇ ಮನೆಗೆ ಹೋಗಿ. ಉಳಿದ ಹಲ್ಲುಗಳನ್ನು ಮಕ್ಕಳ ಮೃದು ಬ್ರಷ್ಷಿನಿಂದ ಉಜ್ಜಬೇಕು, ಹೊಲಿಗೆಯನ್ನು ಮುಟ್ಟದೆ. ಸ್ಪಿರಿಟ್ ಇರುವ ಮೌತ್‌ವಾಶ್ ಬೇಡ, ಉರಿಸುತ್ತದೆ, ಒಣಗಿಸುತ್ತದೆ. ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ತೊಳೆಯುವ ಔಷಧಿ ಬರೆದುಕೊಟ್ಟಿದ್ದರೆ ಬರೆದಷ್ಟೇ ಬಳಸಿ.

ಎದೆಯ ಚರ್ಮವನ್ನು ಬಾಯಿಯೊಳಗೆ ಹಾಕಿಸಿಕೊಂಡ ಗಂಡಸರಿಗೆ ಅಲ್ಲಿ ಕೂದಲು ಬೆಳೆಯುತ್ತದೆ. ನಗಬೇಡಿ, ನಿಜ. ಆಹಾರದ ಚೂರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತೊಳೆಯುವಾಗ ಅಲ್ಲಿ ಹೆಚ್ಚು ಗಮನವಿರಲಿ. ಕತ್ತರಿ ಹಾಕಬೇಡಿ, ಡ್ರೆಸ್ಸಿಂಗಿಗೆ ಹೋದಾಗ ಅವರೇ ಟ್ರಿಮ್ ಮಾಡುತ್ತಾರೆ.

ತುಟಿಗೆ ಸ್ಪರ್ಶವಿಲ್ಲದ ಕಾರಣ ಜೊಲ್ಲು ಸುರಿಯುವುದು ರೋಗಿಗೇ ಗೊತ್ತಾಗುವುದಿಲ್ಲ. ಗಲ್ಲದಿಂದ ಇಳಿದು ಕತ್ತಿನ ಹೊಲಿಗೆಯ ಮೇಲೆ ನಿಲ್ಲುತ್ತದೆ. ಒಗೆದು ಬಿಸಿಲಿಗೆ ಒಣಗಿಸಿದ ಮೃದುವಾದ ಹಳೆಯ ಪಂಚೆಯ ತುಂಡುಗಳನ್ನು ಗುಡ್ಡೆ ಹಾಕಿಕೊಳ್ಳಿ. ಒದ್ದೆಯಾದದ್ದನ್ನು ತೆಗೆದು ಬೇರೆ ಇಡಿ. ಒಂದೇ ಟವೆಲ್ಲನ್ನು ದಿನವಿಡೀ ಹೆಗಲ ಮೇಲೆ ಹಾಕಿಕೊಂಡು ಅದರಲ್ಲೇ ಮುಖ, ಮೂಗು, ಕತ್ತು ಒರೆಸುವುದನ್ನು ನಿಲ್ಲಿಸಿದರೆ ಅರ್ಧ ಸೋಂಕು ನಿಂತಂತೆ.

ಹೊಲಿಗೆಗೆ ಅರಿಶಿನ, ಕಾಫಿಪುಡಿ, ಬೇವಿನ ರಸ, ಕೊಬ್ಬರಿ ಎಣ್ಣೆ, ವಿಭೂತಿ ಯಾವುದೂ ಬೇಡ. ವಿಭೂತಿ ಹಣೆಗೆ ಇರಲಿ. ಡಾಕ್ಟರು ಹೇಳಿದ ಮುಲಾಮು, ಸಲೈನಿನಲ್ಲಿ ಒದ್ದೆ ಮಾಡಿದ ಗಾಜ್ ಬಟ್ಟೆ (ಡ್ರೆಸ್ಸಿಂಗಿನ ತೆಳು ಬಟ್ಟೆ), ಮುಟ್ಟುವ ಮೊದಲು ಸೋಪಿನಲ್ಲಿ ತೊಳೆದ ಕೈ, ಇಷ್ಟೇ ಸಾಕು.

ನಂಜಿನ ಮಾತು

“ಸಿಸ್ಟರ್, ಮೊಟ್ಟೆ ಕೊಟ್ಟರೆ ನಂಜಾಗುವುದಿಲ್ಲವೇ? ಬೇಳೆ ಕೊಟ್ಟರೆ ಕೀವಾಗುತ್ತದಂತೆ?” ಇದನ್ನು ಕೇಳದ ಮನೆಯವರೇ ಇಲ್ಲ. ಮೊಟ್ಟೆ ಬೇಡ, ಬೇಳೆ ಬೇಡ, ಶೇಂಗಾ ಬೇಡ, ಮಾಂಸ ಬೇಡ, ಮೊಸರು ಶೀತ. ಉಳಿಯುವುದು ಅಕ್ಕಿ ಗಂಜಿ, ಎಳನೀರು, ಗ್ಲೂಕೋಸ್. ಹೊಲಿದ ಮಾಂಸ ಕೂಡಿಕೊಳ್ಳಲು ಮೈಗೆ ಬೇಕಾದದ್ದು ಪ್ರೋಟೀನು; ಪಥ್ಯದ ಹೆಸರಿನಲ್ಲಿ ಮನೆಯವರು ಹುಡುಕಿ ಹುಡುಕಿ ಅದನ್ನೇ ತೆಗೆದುಬಿಟ್ಟಿರುತ್ತಾರೆ. ಕೀವಾಗುವುದು ಬ್ಯಾಕ್ಟೀರಿಯಾದಿಂದ, ತೊಗರಿಬೇಳೆಯಿಂದಲ್ಲ. ಹೊಟ್ಟೆಗೆ ಸಾಲದವರ ಗಾಯ ಬಿಚ್ಚಿಕೊಳ್ಳುತ್ತದೆ, ಆಮೇಲೆ ಆಸ್ಪತ್ರೆಯಲ್ಲಿ ಕದ್ದು ಕೊಟ್ಟ ಮೊಟ್ಟೆಯ ಮೇಲೆ ದೂರು ಬರುತ್ತದೆ.

ಲೆಕ್ಕ ಹೀಗೆ. ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು, 25ರಿಂದ 30 ಕ್ಯಾಲೊರಿ. ಅಂದರೆ 50 ಕಿಲೋ ತೂಗುವವರಿಗೆ 60ರಿಂದ 75 ಗ್ರಾಂ ಪ್ರೋಟೀನು, 1250ರಿಂದ 1500 ಕ್ಯಾಲೊರಿ. ಒಂದು ಲೀಟರ್ ಹಾಲಿನಲ್ಲಿ ಸುಮಾರು 32 ಗ್ರಾಂ, ಮೂರು ಮೊಟ್ಟೆಯಲ್ಲಿ 18, ಐವತ್ತು ಗ್ರಾಂ ಬೇಳೆಯಲ್ಲಿ 11, ನೂರು ಗ್ರಾಂ ರಾಗಿಯಲ್ಲಿ 7. ಕೂಡಿಸಿದರೆ 68. ಮೇಲೆ ಎರಡು ಚಮಚ ಎಣ್ಣೆಯೋ ತುಪ್ಪವೋ ಸೇರಿದರೆ ಕ್ಯಾಲೊರಿಯೂ ಸರಿಹೋಗುತ್ತದೆ. ಮೊಟ್ಟೆ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಅವರು ಅದರ ಬದಲು ಕೆನೆ ತೆಗೆದ ಹಾಲಿನ ಪುಡಿ 50 ಗ್ರಾಂ ಬೆರೆಸಲಿ, ಅಷ್ಟೇ ಪ್ರೋಟೀನು ಬರುತ್ತದೆ. ದುಬಾರಿ ಡಬ್ಬಿ ಪುಡಿ ಇಲ್ಲದೆಯೂ ಗಾಯ ಮಾಯುತ್ತದೆ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಈ ಲೆಕ್ಕ ಅಲ್ಲ, ಅವರು ಡಾಕ್ಟರನ್ನು ಕೇಳಬೇಕು. ತಿಂಗಳುಗಟ್ಟಲೆ ಉಪವಾಸವಿದ್ದಂತಿರುವವರಿಗೂ ಮೊದಲ ದಿನವೇ ಇಷ್ಟನ್ನೂ ಹಾಕಬಾರದು; ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೆ ಅಪಾಯ. ಅವರಿಗೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ನೋಡಿಕೊಂಡು ಹಂತ ಹಂತವಾಗಿ ಏರಿಸುತ್ತಾರೆ.

ಇದೆಲ್ಲ ಮೂಗಿನ ಪೈಪಿನಲ್ಲಿ ಇಳಿಯಬೇಕಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟು ತೆಗೆದುಕೊಳ್ಳಿ. ಸಾದಾ ಹಿಟ್ಟಿನ ಗಂಜಿ ಪೈಪಿನಲ್ಲಿ ಗಟ್ಟಿಯಾಗಿ ನಿಂತರೆ ಮೊಳಕೆ ಹಿಟ್ಟಿನದು ಅಷ್ಟೇ ಪ್ರಮಾಣದಲ್ಲಿ ತೆಳ್ಳಗೆ ಉಳಿಯುತ್ತದೆ. ಬೇಳೆ ಮೆತ್ತಗೆ ಬೇಯಲಿ. ಮೊಟ್ಟೆ ಪೂರ್ತಿ ಬೆಂದಿರಬೇಕು, ಹಸಿಯದು ಕೂಡದು. ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಸಣ್ಣ ಜರಡಿಯಲ್ಲಿ ಸೋಸಿ. ಒಂದು ಸಲಕ್ಕೆ 200ರಿಂದ 250 ಎಂಎಲ್, ಎರಡು ಗಂಟೆಗೊಮ್ಮೆ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ. ರೋಗಿ ಕುಳಿತಿರಬೇಕು, ಆದ ಮೇಲೂ ಮುಕ್ಕಾಲು ಗಂಟೆ ಮಲಗಬಾರದು. ಸಿರಿಂಜನ್ನು ಒತ್ತಬೇಡಿ, ಎತ್ತರಕ್ಕೆ ಹಿಡಿಯಿರಿ, ತಾನಾಗಿ ಇಳಿಯಲಿ. ಕೊನೆಗೆ 30 ಎಂಎಲ್ ಶುದ್ಧ ನೀರು ಬಿಟ್ಟು ಪೈಪ್ ತೊಳೆಯಿರಿ. ಮಾತ್ರೆಗಳನ್ನು ನುಣ್ಣಗೆ ಪುಡಿ ಮಾಡಿ ಒಂದೊಂದಾಗಿ ಹಾಕಿ. ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಬಾರದು, ಅವುಗಳ ಬದಲು ಸಿರಪ್ ಕೇಳಿ. ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಸೆಕೆಯಲ್ಲಿ ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಫ್ರಿಜ್ ಇಲ್ಲದಿದ್ದರೆ ಆಗಾಗ ಸ್ವಲ್ಪವೇ ಮಾಡಿಕೊಳ್ಳಿ. ಭೇದಿ ಶುರುವಾದರೆ ತಿನ್ನಿಸಿದ್ದೆಲ್ಲ ವ್ಯರ್ಥ.

ಮೂಗಿನ ಹತ್ತಿರ ಪೈಪಿನ ಮೇಲೆ ಪೆನ್ನಿನ ಗುರುತು ಹಾಕಿಸಿಕೊಳ್ಳಿ. ಪ್ರತಿ ಸಲ ಆಹಾರ ಕೊಡುವ ಮೊದಲು ಗುರುತು ಅಲ್ಲೇ ಇದೆಯೇ ನೋಡಿ. ಜರುಗಿದ್ದರೆ, ಅಥವಾ ಕೊಡುವಾಗ ಕೆಮ್ಮು, ಉಸಿರಾಟದ ತೊಂದರೆ ಬಂದರೆ ನಿಲ್ಲಿಸಿ. ಪೈಪ್ ಪೂರ್ತಿ ಹೊರಗೆ ಬಂದರೆ ಊರಿನ ಕಾಂಪೌಂಡರ್ ಕೈಯಲ್ಲಿ ಹಾಕಿಸಬೇಡಿ. ಗಂಟಲಿನೊಳಗೆ ಹೊಸ ಹೊಲಿಗೆ ಇದೆ. ಕಾಣದೆ ತೂರಿಸಿದ ಪೈಪ್ ನೇರ ಅದನ್ನೇ ಹರಿಯಬಹುದು. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ಹೋಗಿ.

ಬಾಯಿಂದ ಯಾವಾಗ? ಡಾಕ್ಟರು ಹೇಳಿದಾಗ. ಧ್ವನಿಪೆಟ್ಟಿಗೆ ತೆಗೆದವರಿಗೆ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದ ಬಳಿಕ ಪರೀಕ್ಷಿಸಿ ಶುರು ಮಾಡುತ್ತಾರೆ. ಮೊದಲೇ ವಿಕಿರಣ ಆಗಿದ್ದವರಿಗೆ ಇನ್ನೂ ತಡ. “ಪಾಪ, ಬಾಯಾರಿದೆ, ಒಂದು ಗುಟುಕು ಕಾಫಿ” ಎನ್ನುವ ಕರುಣೆಯೇ ಹೊಲಿಗೆಗೆ ಶತ್ರು. ಬಾಯಾರಿಕೆಗೆ ತುಟಿ ಒದ್ದೆ ಮಾಡಿ, ಪೈಪಿನಲ್ಲಿ ನೀರು ಕೊಡಿ. ಅನುಮತಿ ಸಿಕ್ಕ ಮೇಲೂ ನೀರು, ಗಂಜಿ, ಮೆತ್ತನೆಯ ಅನ್ನ ಎಂಬ ಕ್ರಮವಿರಲಿ. ಮಂಡಕ್ಕಿ, ಮಿರ್ಚಿ ಬಹಳ ದೂರದ ಮಾತು. ದೋಸೆಯ ಮೇಲಿನ ಬೆಣ್ಣೆ ಮಾತ್ರ ಬೇಕಾದರೆ ಗಂಜಿಗೆ ಹಾಕಿಕೊಳ್ಳಲಿ.

ಕತ್ತಿನಲ್ಲಿ ತೂತು ಇರುವವರಿಗೆ

ಕೆಲವರಿಗೆ ಗಂಟಲಿನ ಪೈಪ್ ಕೆಲವು ದಿನಕ್ಕೆ ಮಾತ್ರ. ಧ್ವನಿಪೆಟ್ಟಿಗೆ ಪೂರ್ತಿ ತೆಗೆದವರಿಗೆ ಆ ತೂತೇ ಜೀವನಪೂರ್ತಿ ಮೂಗು. ಒಳಗಿನ ಪೈಪನ್ನು ಹೊರತೆಗೆದು ತೊಳೆಯುವುದು, ಕಫ ಎಳೆಯುವುದು, ಪೈಪ್ ಜಾರಿದರೆ ಏನು ಮಾಡಬೇಕು ಎಂಬುದು ಇವಿಷ್ಟನ್ನೂ ಮನೆಯ ಇಬ್ಬರು ಕಲಿಯದೆ ಡಿಸ್ಚಾರ್ಜಿಗೆ ಒಪ್ಪಬೇಡಿ. ಒಬ್ಬರೇ ಕಲಿತರೆ ಅವರಿಗೆ ಜ್ವರ ಬಂದ ದಿನ ಗತಿ ಇಲ್ಲ. ಕಫ ಮೆತ್ತಿದ ಗಾಜ್ ಬಟ್ಟೆ ತೂತಿನ ಸುತ್ತಲಿನ ಚರ್ಮವನ್ನು ಕೊಳೆಸುತ್ತದೆ, ಒದ್ದೆಯಾದಾಗಲೆಲ್ಲ ಬದಲಿಸಿ. ತೂತಿನ ಮುಂದೆ ತೆಳುವಾದ ಒದ್ದೆ ಬಟ್ಟೆ ಇರಲಿ, ಒಣ ಗಾಳಿಗೆ ಕಫ ಗಟ್ಟಿಯಾಗಿ ಪೈಪ್ ಕಟ್ಟುತ್ತದೆ. ಮೆಕ್ಕೆಜೋಳ ಬಿಡಿಸುವ ಕಾಲದಲ್ಲಿ ಕಣದ ಹತ್ತಿರ, ಅಕ್ಕಿ ಗಿರಣಿಯ ಹತ್ತಿರ ಇವರನ್ನು ಕೂರಿಸಬೇಡಿ. ಸ್ನಾನದ ನೀರು ತೂತಿಗೆ ಬೀಳಬಾರದು. ಈ ತೂತಿಗೇ ಬೀಡಿ ಹಿಡಿದು ಸೇದಿದವರನ್ನು ಕಂಡಿದ್ದೇನೆ. ಇನ್ನೊಂದು ಕೆನ್ನೆಯಲ್ಲಿ ತಂಬಾಕು ಒತ್ತಿಕೊಂಡವರನ್ನೂ. ಅವರಿಗೆ ಬೈಯುವ ಮೊದಲು, ಹಾಸಿಗೆ ಪಕ್ಕ ಕುಳಿತು ಗುಟ್ಕಾ ಅಗಿಯುವ ತಮ್ಮನನ್ನು ಹೊರಗೆ ಕಳಿಸಿ.

ಕಾಯಬಾರದ ಗುರುತುಗಳು

ಜ್ವರ 100.4 ದಾಟಿದರೆ, ಹೊಲಿಗೆಯ ಸುತ್ತ ಕೆಂಪು ಹರಡುತ್ತ ಹೋದರೆ, ಮುಟ್ಟಿದರೆ ಬಿಸಿ ಎನಿಸಿದರೆ, ಇದ್ದಕ್ಕಿದ್ದಂತೆ ವಾಸನೆ ಹೆಚ್ಚಾದರೆ, ಕತ್ತಿನ ಬ್ಯಾಂಡೇಜು ಕಾರಣವಿಲ್ಲದೆ ಒದ್ದೆಯಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೊನೆಯದು ಎಂಜಲಿನ ಸೋರಿಕೆಯ ಮೊದಲ ಗುರುತು, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ ಕಾಣುತ್ತದೆ. ಬಾಯಿಂದ ಏನಾದರೂ ಕೊಡುತ್ತಿದ್ದರೆ ಆ ಕ್ಷಣ ನಿಲ್ಲಿಸಿ. ಸಣ್ಣ ಸೋರಿಕೆಗಳು ಪೈಪಿನ ಆಹಾರ, ಸರಿಯಾದ ಡ್ರೆಸ್ಸಿಂಗ್ ಇದ್ದರೆ ವಾರಗಳಲ್ಲಿ ತಾವಾಗಿ ಮುಚ್ಚಿಕೊಳ್ಳುವುದೇ ಹೆಚ್ಚು. ಆದರೆ ಆ ವಾರಗಳುದ್ದಕ್ಕೂ ಡ್ರೆಸ್ಸಿಂಗಿಗೆ ಬರಬೇಕು. ಬೆಂಗಳೂರಿನ ಕಿದ್ವಾಯಿಯಲ್ಲಿ ಆಪರೇಷನ್ ಆಗಿದ್ದರೆ ದಿನವೂ 260 ಕಿಲೋಮೀಟರ್ ಹೋಗಲಾಗದು ನಿಜ. ಯಾವ ಡ್ರೆಸ್ಸಿಂಗನ್ನು ಊರಿನ ಹತ್ತಿರ ಮಾಡಿಸಬಹುದು ಎಂದು ಬಿಡುವ ದಿನವೇ ಬರೆಸಿಕೊಂಡು ಬನ್ನಿ. ವಾರ್ಡಿನ ಫೋನ್ ನಂಬರನ್ನೂ.

ಕತ್ತು ಹಠಾತ್ತನೆ ಊದಿ ಉಸಿರು ಕಟ್ಟಿದರೆ, ಇಲ್ಲವೇ ಕತ್ತು, ಬಾಯಿ, ಗಂಟಲಿನ ತೂತಿನಿಂದ ಕೆಂಪು ರಕ್ತ ಬಂದರೆ ಅದೇ ನಿಮಿಷ 108. ಒಂದೆರಡು ಚಮಚ ಬಂದು ತಾನಾಗಿ ನಿಂತಿತು ಎಂದು ಮಲಗಬೇಡಿ. ಸೋಂಕು ತಗುಲಿದ, ಸೋರುವ, ವಿಕಿರಣ ಆದ ಕತ್ತಿನಲ್ಲಿ ಅದು ದೊಡ್ಡ ರಕ್ತನಾಳ ಒಡೆಯುವ ಮುನ್ಸೂಚನೆಯಾಗಿರಬಹುದು. ಹೀಗಾಗುವುದು ಅಪರೂಪ, ಆದರೆ ಆದಾಗ ಸಮಯವಿರುವುದಿಲ್ಲ. ಕತ್ತಿನಿಂದ ಬಂದರೆ ಶುದ್ಧ ಬಟ್ಟೆಯಿಟ್ಟು ಬೆರಳುಗಳಿಂದ ಗಟ್ಟಿಯಾಗಿ ಒತ್ತಿ, ನಿಂತಿತೇ ಎಂದು ಎತ್ತಿ ಎತ್ತಿ ನೋಡಬೇಡಿ. ಬಾಯಿಂದ ಬಂದರೆ ಪಕ್ಕಕ್ಕೆ ವಾಲಿಸಿ, ರಕ್ತ ಶ್ವಾಸಕ್ಕೆ ಇಳಿಯಬಾರದು. ಒತ್ತುವ ಬಟ್ಟೆ ಗಂಟಲಿನ ತೂತನ್ನು ಮುಚ್ಚಬಾರದು. ಅವರು ಉಸಿರಾಡುವುದು ಅಲ್ಲಿಂದ.

ಮನೆಗೆ ಬಂದ ಮೇಲೆ

ಬರುವ ದಾರಿಯಲ್ಲಿ ಕಾರಿನ ಕಿಟಕಿ ಮುಚ್ಚಿರಲಿ, ಸೀಟ್ ಬೆಲ್ಟಿನ ಪಟ್ಟಿ ಕತ್ತಿಗೆ ಉಜ್ಜದಂತೆ ಮೆತ್ತನೆಯ ಬಟ್ಟೆ ಇಡಿ. ಚಿತ್ರದುರ್ಗ ದಾಟಿದರೆ ಮನೆ ಬಂತು ಎಂದು ಎರಡು ಸಲದ ಆಹಾರ ತಪ್ಪಿಸಬೇಡಿ.

ಮೊದಲ ವಾರ ನೆಂಟರನ್ನು ತಡೆಯಿರಿ. ಇಡೀ ಬೀದಿ ಬಂದು ಬ್ಯಾಂಡೇಜು ಸರಿಸಿ ನೋಡಿ ನಿಟ್ಟುಸಿರು ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿದೆ. ಬಾಗಿಲಲ್ಲೇ ಮಾತಾಡಿಸಿ ಕಳಿಸುವ ಕಠಿಣ ಹೆಂಗಸು ಮನೆಗೆ ಒಬ್ಬರು ಬೇಕು.

ಕತ್ತಿನ, ಕಿವಿಯ ಕೆಳಗಿನ ಚರ್ಮಕ್ಕೆ ಬಹಳ ಕಾಲ ಸ್ಪರ್ಶವೇ ಇರುವುದಿಲ್ಲ. ಬಿಸಿನೀರಿನ ಚೀಲ ಇಟ್ಟರೆ ಸುಟ್ಟ ಮೇಲೆಯೇ ಗೊತ್ತಾಗುವುದು. ಬ್ಲೇಡಿನಲ್ಲಿ ಗಡ್ಡ ತೆಗೆದರೆ ಕೊಯ್ದದ್ದೂ ತಿಳಿಯದು; ಗಾಯ ಮಾಯುವವರೆಗೆ ಗಡ್ಡ ಬಿಡಲಿ, ಆಮೇಲೂ ಟ್ರಿಮ್ಮರ್ ಸಾಕು. ಕತ್ತಿನ ಹೊಲಿಗೆಯನ್ನು ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ಬಿಚ್ಚುತ್ತಾರೆ, ವಿಕಿರಣ ಆಗಿದ್ದ ಕತ್ತಾದರೆ ಇನ್ನಷ್ಟು ತಡೆದು. ತೊಡೆಯಿಂದ ಚರ್ಮ ತೆಗೆದಿದ್ದರೆ ಅಲ್ಲಿ ಅಂಟಿಸಿದ ಡ್ರೆಸ್ಸಿಂಗನ್ನು ಕೆರೆತ ಬಂದಿತೆಂದು ಕೀಳಬೇಡಿ. ಕೆಳಗೆ ಹೊಸ ಚರ್ಮ ಬರುತ್ತಿದೆ.

ಬಾಯಿ ಅಗಲಿಸುವ, ಹೆಗಲು ಎತ್ತುವ ವ್ಯಾಯಾಮವನ್ನು ಯಾವಾಗ ಶುರು ಮಾಡಬೇಕೆಂದು ಮೊದಲ ಮರುಭೇಟಿಯಲ್ಲೇ ಕೇಳಿ. ಅವಸರ ಮಾಡಿದರೆ ಹೊಲಿಗೆ ಹೋಗುತ್ತದೆ, ಬಿಟ್ಟೇಬಿಟ್ಟರೆ ಬಾಯಿ ಎರಡು ಬೆರಳೂ ತೂರದಷ್ಟು ಬಿಗಿಯುತ್ತದೆ. ಆ ಭೇಟಿಗೆ ಡಿಸ್ಚಾರ್ಜ್ ಚೀಟಿ, ಬಯಾಪ್ಸಿ ವರದಿ, ಸಕ್ಕರೆ ಬರೆದಿಟ್ಟ ಪುಸ್ತಕ, ಆ ವಾರದ ತೂಕ ಎಲ್ಲವೂ ಜೊತೆಗಿರಲಿ. ವಿಕಿರಣ ಬೇಕೆಂದರೆ ಅದರ ವಿಭಾಗದಲ್ಲಿ ಅಂದೇ ಹೆಸರು ಬರೆಸಿ. ಗಾಯ ಪೂರ್ತಿ ಮಾಯಲಿ, ಆಮೇಲೆ ಬರೋಣ ಎಂದು ವಾಪಸಾಗಬೇಡಿ. ವಿಕಿರಣದ ವೇಳೆ ತಲೆ ಅಲ್ಲಾಡದಂತೆ ಹಿಡಿಯಲು ಮುಖದ ಅಚ್ಚು ತೆಗೆಯುವುದು, ಸ್ಕ್ಯಾನ್, ಕಾಗದಪತ್ರ ಇವಕ್ಕೇ ದಿನಗಳು ಹಿಡಿಯುತ್ತವೆ, ಮತ್ತು 6 ವಾರದ ಎಣಿಕೆ ಆಪರೇಷನ್ ದಿನದಿಂದಲೇ ಶುರುವಾಗಿರುತ್ತದೆ.